ತಂಡದಿಂದ ತಂಡಕ್ಕೆ ಹೋಗುವ ಗಾರ್ಡ್‌ಗೆ

ಒಂದು ಭಾನುವಾರ ಬೆಳಿಗ್ಗೆ ಹಾಸನದ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಮ್ಮ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಓಡಿ ಬಂದ. ತಮಿಳುನಾಡಿನ ಒಂದು ಕ್ಲಬ್ಬಿನಿಂದ ಕರೆ ಬಂದಿತ್ತು. ಅವರ ಪಾಯಿಂಟ್ ಗಾರ್ಡ್‌ಗೆ (ಬಾಲ್ ಮುಂದೆ ತಂದು ಆಟ ನಡೆಸುವವನಿಗೆ) ಕಾಲು ಉಳುಕಿದೆ, ಐದು ದಿನದ ಟೂರ್ನಮೆಂಟಿಗೆ ಗೆಸ್ಟ್ ಪ್ಲೇಯರ್ ಆಗಿ ಬರುತ್ತೀಯಾ ಎಂದು ಕೇಳಿದ್ದರು. ಹೋಗಿಬರುವ ಖರ್ಚು, ಊಟ, ವಸತಿ, ಕೈಗೊಂದಿಷ್ಟು ದುಡ್ಡು. "ಅಣ್ಣಾ, ಹೋಗ್ಲಾ?" ಅಂದ. ಹೋಗು ಅಂದೆ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಬಿಸಿಲು ಏರುವವರೆಗೂ ನಾನು ಮಾತಾಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರಿನಂಥ ಊರುಗಳಿಂದ ಹೀಗೆ ಹೊರಡುವ ಹುಡುಗ ಹುಡುಗಿಯರು ಇನ್ನೂ ಇರುತ್ತಾರೆ ಅಲ್ವಾ.

ನನ್ನ ಎತ್ತರ ಐದು ಅಡಿ ಏಳೂವರೆ ಇಂಚು. ಹದಿನಾಲ್ಕು ವರ್ಷ ಆಡಿದ್ದೇನೆ. ಒಂಬತ್ತು ತಂಡಗಳ ಜರ್ಸಿ ಹಾಕಿದ್ದೇನೆ. ಕೆಲವು ಕಡೆ ಸ್ಟೈಪೆಂಡ್ ಮೇಲೆ ಒಂದು ಸೀಸನ್, ಕೆಲವು ಕಡೆ ವಾರದ ಮಟ್ಟಿಗೆ. ದೇಶಕ್ಕೆ ಆಡಲಿಲ್ಲ. ಆದರೆ ಒಂದು ಸಲ ಕರೆದ ತಂಡ ಬಹುಪಾಲು ಎರಡನೇ ಸಲವೂ ಕರೆದಿದೆ. ಅದು ನನಗೆ ಹೆಮ್ಮೆಯ ವಿಷಯ.

ಮೊದಲು ಒಂದು ಮಾತು ಅರ್ಥವಾಗಬೇಕು. ಎತ್ತರವೂ ಹೆಸರೂ ಇಲ್ಲದ ಗಾರ್ಡ್‌ನನ್ನು ಹೊರಗಿನಿಂದ ಕರೆಸುವ ತಂಡಕ್ಕೆ ಅಂಕ ಹೊಡೆಯುವವರು ಆಗಲೇ ಇರುತ್ತಾರೆ. ಅವರಿಗೆ ಬೇಕಾಗಿರುವುದು ಬಾಲನ್ನು ಕಳೆಯದೆ ತಂದು, ಸರಿಯಾದ ಜಾಗದಲ್ಲಿ ಸರಿಯಾದ ಕೈಗೆ ಕೊಡುವವನು. ಅದೂ ಬಂದ ಎರಡನೇ ದಿನದಿಂದಲೇ. ತಂಡಕ್ಕೆ ಒಗ್ಗಿಕೊಳ್ಳಲು ಮೂರು ತಿಂಗಳು ಬೇಕು ಅನ್ನುವವನಿಗೆ ಈ ಕೆಲಸ ಸಿಗುವುದಿಲ್ಲ.

ಅಮೆರಿಕದ ಎನ್‌ಬಿಎಯಲ್ಲೂ ಇದೇ ಕಥೆ. ಇಷ್ ಸ್ಮಿತ್ ಎಂಬ ಗಾರ್ಡ್ ಬಗ್ಗೆ ನಾನು ನಮ್ಮ ಮಕ್ಕಳಿಗೆ ಯಾವಾಗಲೂ ಹೇಳುತ್ತೇನೆ. ಎತ್ತರ ಆರು ಅಡಿ. ಅಲ್ಲಿಗೆ ಅದು ಕುಳ್ಳು. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2010ರ ಡ್ರಾಫ್ಟಿನಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಆದರೂ ಹ್ಯೂಸ್ಟನ್‌ನಲ್ಲಿ ಶುರು ಮಾಡಿ ಒಂದೊಂದೇ ತಂಡ ದಾಟುತ್ತಾ ಹೋದರು. ಡೆನ್ವರ್‌ಗೆ ಬಂದಾಗ ಅದು ಅವರ 13ನೇ ತಂಡ. ಎನ್‌ಬಿಎಯಲ್ಲಿ ಅದುವರೆಗೆ ಅಷ್ಟು ತಂಡಗಳಿಗೆ ಯಾರೂ ಆಡಿರಲಿಲ್ಲ. 2023ರಲ್ಲಿ ಡೆನ್ವರ್ ನಗೆಟ್ಸ್ ಚಾಂಪಿಯನ್ ಆದಾಗ ಅವರೂ ಆ ತಂಡದಲ್ಲಿದ್ದರು. ಆ ಲೀಗಿನಲ್ಲಿ ಹತ್ತು ದಿನದ ಒಪ್ಪಂದ ಅಂತ ಒಂದಿದೆ. ಒಂದೇ ತಂಡ ಒಬ್ಬ ಆಟಗಾರನಿಗೆ ಒಂದು ಸೀಸನ್ನಿನಲ್ಲಿ ಅಂಥ ಒಪ್ಪಂದವನ್ನು ಎರಡು ಸಲ ಮಾತ್ರ ಕೊಡಬಹುದು. ಆಮೇಲೆ ಸೀಸನ್ ಮುಗಿಯುವವರೆಗೂ ಇಟ್ಟುಕೊಳ್ಳಬೇಕು, ಇಲ್ಲ ಬಿಡಬೇಕು. ಹತ್ತು ದಿನದಲ್ಲಿ ನಿನ್ನ ಕೆಲಸ ತೋರಿಸು ಎಂದು ಅರ್ಥ. ನಮ್ಮ ಹುಡುಗನಿಗೆ ಸಿಕ್ಕಿದ್ದು ಐದು ದಿನ.

ಹೊರಡುವ ಮೊದಲು ಕೈಯಲ್ಲಿರಬೇಕಾದ್ದು

ಎಡಗೈ. ಬಲಗೈ ಆಟಗಾರನ ಎಡಗೈ ದುರ್ಬಲ ಅಂತ ಗೊತ್ತಾಗಲು ಎದುರಾಳಿಗೆ ಎರಡು ನಿಮಿಷ ಸಾಕು. ಆಮೇಲೆ ಇಡೀ ಮ್ಯಾಚ್ ನಿಮ್ಮನ್ನು ಆ ಕಡೆಗೇ ತಳ್ಳುತ್ತಾರೆ. ನಾನು ಒಂದು ಇಡೀ ತಿಂಗಳು ಬಲಗೈಯಲ್ಲಿ ಲೇಅಪ್ (ರಿಂಗಿನ ಹತ್ತಿರ ಹೋಗಿ ಹಾರಿ ಹಾಕುವ ಶಾಟ್) ಹಾಕಲೇ ಇಲ್ಲ. ರಿಂಗಿನ ಬಲಗಡೆಯಿಂದಲೂ ಎಡಗೈ. ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಕೋರ್ಟಿನ ಮೇಲೆ ಪಾಚಿ ಕಟ್ಟುತ್ತದೆ, ಜೂನ್‌ನಿಂದ ಸೋನೆ ಹಿಡಿದರೆ ವಾರಗಟ್ಟಲೆ ಆಡಲು ಆಗುವುದಿಲ್ಲ. ಆ ದಿನಗಳಲ್ಲಿ ಮನೆಯ ಕಾರ್ ಶೆಡ್ಡಿನಲ್ಲಿ ಎರಡು ಬಾಲ್ ಇಟ್ಟುಕೊಂಡು ಡ್ರಿಬಲ್ ಮಾಡುತ್ತಿದ್ದೆ. ಒಂದನ್ನು ಮೊಣಕಾಲಿನ ಕೆಳಗೆ, ಇನ್ನೊಂದನ್ನು ಸೊಂಟದ ಎತ್ತರಕ್ಕೆ. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ. ಬಾಲ್ ನೋಡಿಕೊಂಡು ಡ್ರಿಬಲ್ ಮಾಡುವ ಗಾರ್ಡ್‌ಗೆ ಖಾಲಿ ಇರುವ ಜೊತೆಗಾರ ಕಾಣಿಸುವುದೇ ಇಲ್ಲ.

ಎರಡನೆಯದು ಪ್ರೆಸ್ ಮುರಿಯುವುದು. ಪ್ರೆಸ್ ಅಂದರೆ ಬಾಲ್ ತರುವವನ ಮೇಲೆ ಎದುರಾಳಿಗಳು ಕೋರ್ಟಿನ ಆ ತುದಿಯಿಂದಲೇ ಮುಗಿಬೀಳುವುದು. ಬಾಲ್ ಕೈಗೆ ಬಂದ 8 ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಿಸಬೇಕು. ನಾನು ಶಾಲೆಯಲ್ಲಿ ಕಲಿತಾಗ ಅದು 10 ಸೆಕೆಂಡ್ ಇತ್ತು. 2000ದಲ್ಲಿ ನಿಯಮ ಬದಲಾಯಿತು, ಶಾಟ್ ಕ್ಲಾಕ್ (ಶಾಟ್ ಹಾಕಲು ತಂಡಕ್ಕೆ ಸಿಗುವ ಸಮಯ) ಕೂಡ 30ರಿಂದ 24 ಸೆಕೆಂಡಿಗೆ ಇಳಿಯಿತು. ಹೊಸ ಗಾರ್ಡ್ ಬಂದಿದ್ದಾನೆ ಅಂತ ಗೊತ್ತಾದರೆ ಎದುರಿನ ಕೋಚ್ ಮೊದಲು ಮಾಡುವ ಕೆಲಸ ಪ್ರೆಸ್ ಹಾಕಿಸುವುದು. ನಮ್ಮೂರಲ್ಲಿ ಬೆಳಿಗ್ಗೆ ಪ್ರಾಕ್ಟೀಸಿಗೆ ಹತ್ತು ಜನ ಸೇರುವುದೇ ಕಷ್ಟ, ಐದರ ಮೇಲೆ ಐದು ಆಡಲು ಆಗುವುದಿಲ್ಲ. ಅದನ್ನೇ ಲಾಭ ಮಾಡಿಕೊಳ್ಳಿ. ಮೂರು ಹುಡುಗರನ್ನು ನಿಮ್ಮ ಮೇಲೆ ಬಿಡಿ, ನೀವು ಒಬ್ಬರೇ ಬಾಲ್ ದಾಟಿಸಿ. ಕೋರ್ಟಿನ ಉದ್ದ 28 ಮೀಟರ್, ನೀವು ದಾಟಬೇಕಾದ್ದು 14. ಮೊದಲ ವಾರ ಹತ್ತಕ್ಕೆ ಎರಡು ಸಲ ದಾಟಿದರೆ ಹೆಚ್ಚು. ಎರಡು ತಿಂಗಳಿಗೆ ಐದು ಸಲ ದಾಟಿದರೆ ಮ್ಯಾಚಿನಲ್ಲಿ ಇಬ್ಬರು ಬಂದಾಗ ಎದೆ ಹೊಡೆದುಕೊಳ್ಳುವುದಿಲ್ಲ. ಮೂಲೆಗೆ ಮಾತ್ರ ಹೋಗಬೇಡಿ. ಮೂಲೆಯಲ್ಲಿ ಎರಡು ಗೆರೆಗಳೂ ಎದುರಾಳಿಯ ಕಡೆ ಆಡುತ್ತವೆ.

ಮೂರನೆಯದು ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗುವ ತಡೆಯಿಲ್ಲದ ಶಾಟ್. ಕೊನೆಯ ನಿಮಿಷದಲ್ಲಿ ಬಾಲ್ ಗಾರ್ಡ್ ಕೈಯಲ್ಲೇ ಇರುತ್ತದೆ, ಆದ್ದರಿಂದ ಫೌಲ್ ಆಗುವುದೂ ಅವನ ಮೇಲೆಯೇ. ನಿಂತ ಜಾಗದಲ್ಲೇ ನೂರು ಹಾಕಿದರೆ ಅದು ಸುಮ್ನೆ ಸಂಖ್ಯೆ. ಎರಡು ಸಲ ಕೋರ್ಟಿನ ಆ ತುದಿಯಿಂದ ಈ ತುದಿಗೆ ಓಡಿ, ಏದುಸಿರು ಇರುವಾಗಲೇ ಎರಡು ಹಾಕಿ, ಮತ್ತೆ ಓಡಿ. ಮ್ಯಾಚಿನಲ್ಲಿ ಸಿಗುವುದು ಹಾಗೆಯೇ.

ದೂರದ ಶಾಟ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 2010ರಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ ಮೂರು ಪಾಯಿಂಟ್ ಗೆರೆಯನ್ನು 6.25 ಮೀಟರ್‌ನಿಂದ 6.75 ಮೀಟರ್‌ಗೆ ಸರಿಸಿತು. ನನಗೆ ಆಗ 27 ವರ್ಷ. ಬರೀ ಅರ್ಧ ಮೀಟರ್ ಅಂತ ಅನ್ನಿಸುತ್ತದೆ. ನನ್ನ ಶಾಟ್ ಪೂರ್ತಿ ಕೈಕೊಟ್ಟಿತು, ಬಾಲ್ ರಿಂಗಿನ ಮುಂದಿನ ಅಂಚಿಗೇ ಬಡಿಯುತ್ತಿತ್ತು. ನಾನು ಕೈಯ ಬಲ ಜಾಸ್ತಿ ಹಾಕಲು ಹೋದೆ, ಗುರಿಯೂ ಹೋಯಿತು. ಹಿರಿಯ ಆಟಗಾರರೊಬ್ಬರು ನೋಡಿ, "ತೋಳಿಂದ ಯಾಕೆ ಎಸೀತೀಯ? ಮಂಡಿ ಬಗ್ಗಿಸು" ಅಂದರು. ಅಷ್ಟೇ. ಬಾಲ್ ಬರುವ ಮೊದಲೇ ಮಂಡಿ ಬಗ್ಗಿರಬೇಕು, ಹಿಡಿಯುವುದೂ ಏಳುವುದೂ ಒಂದೇ ಚಲನೆ ಆಗಬೇಕು. ಆರು ತಿಂಗಳು ಹಿಡಿಯಿತು. ಗಾರ್ಡ್‌ಗೆ ಎಲ್ಲ ಕಡೆಯಿಂದಲೂ ಬೀಳಬೇಕಾಗಿಲ್ಲ. ಎರಡು ಜಾಗ ನಿಮ್ಮದಾಗಿದ್ದರೆ ಸಾಕು. ನನ್ನವು ಎಡ ಮೂಲೆ ಮತ್ತು ನೇರ ಎದುರು.

ಮೊದಲ ದಿನ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಹೊಸ ತಂಡದ ರೂಮಿಗೆ ಹೋದ ಕೂಡಲೇ ಮೂಲೆಯ ಹಾಸಿಗೆ ಹಿಡಿದು ಮಲಗಬೇಡಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿರುತ್ತೀರಿ, ನಿದ್ದೆ ಎಳೆಯುತ್ತಿರುತ್ತದೆ. ನಾನು ಆಡುತ್ತಿದ್ದ ಕಾಲದಲ್ಲಿ ಹಾಸನದಿಂದ ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲು ಇರಲಿಲ್ಲ. ಅದು ಬಂದದ್ದು 2017ರಲ್ಲಿ, ನಾನು ಆಟ ನಿಲ್ಲಿಸಿದ ವರ್ಷ. ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಕೊಯಮತ್ತೂರೋ ಮತ್ತೊಂದೋ. ಎಷ್ಟೇ ಸುಸ್ತಾಗಿದ್ದರೂ ಮೊದಲ ಒಂದು ಗಂಟೆ ಎಚ್ಚರ ಇರಿ. ಹನ್ನೆರಡು ಜನರ ಹೆಸರು ಕೇಳಿ, ಕರೆಯುವ ಹೆಸರು. ಕೋರ್ಟಿನಲ್ಲಿ ಯಾರನ್ನೂ ಪೂರ್ತಿ ಹೆಸರಿಟ್ಟು ಕರೆಯಲು ಸಮಯ ಇರುವುದಿಲ್ಲ. ನಾನು ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ, ತಂಡಕ್ಕೆ ಎರಡು ಪುಟ. ಹೆಸರು, ಯಾವ ಕೈ, ಯಾವ ಜಾಗ.

ಆಮೇಲೆ ಪಿವೋಟ್ ಹತ್ತಿರ, ಅಂದರೆ ರಿಂಗಿನ ಬಳಿ ಆಡುವ ಎತ್ತರದ ಆಟಗಾರನ ಹತ್ತಿರ ಹೋಗಿ. ತಂಡದಲ್ಲಿ ನಿಮ್ಮ ಅನ್ನ ಇರುವುದು ಅವನ ಕೈಯಲ್ಲಿ. ಬಾಲ್ ಎಲ್ಲಿ ಬೇಕು, ಎಡಗಡೆಯೋ ಬಲಗಡೆಯೋ, ಮೇಲಿಂದಲೋ ಬೌನ್ಸ್ ಪಾಸೋ ಅಂತ ಕೇಳಿ. ದೊಡ್ಡ ಆಳುಗಳನ್ನು ಹೀಗೆ ಯಾರೂ ಕೇಳಿರುವುದಿಲ್ಲ, ಖುಷಿಯಾಗಿ ಹೇಳುತ್ತಾರೆ. ಒಮ್ಮೆ ಕೇರಳದಲ್ಲಿ ಒಬ್ಬ ಪಿವೋಟ್ ತನ್ನ ಬೆರಳು ತೋರಿಸಿದ. ಬಲಗೈ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಗಟ್ಟಿ ಪಾಸ್ ಬಂದರೆ ಬಾಲ್ ಜಾರುತ್ತಿತ್ತು. ಜೊತೆಯವರು ಅವನ ಕೈ ಸರಿಯಿಲ್ಲ ಅಂತ ಬೈಯುತ್ತಿದ್ದರಂತೆ. ನಾನು ಎಡಗಡೆಗೆ, ಎದೆಯ ಎತ್ತರಕ್ಕೆ ಮೆತ್ತಗೆ ಕೊಟ್ಟೆ. ಆ ಟೂರ್ನಮೆಂಟಿನಲ್ಲಿ ನಮ್ಮ ತಂಡದಲ್ಲಿ ಅವನೇ ಹೆಚ್ಚು ಅಂಕ ಹೊಡೆದ. ಮುಂದಿನ ವರ್ಷ ನನ್ನನ್ನು ಕರೆಸಿದ್ದು ಕೋಚ್ ಅಲ್ಲ, ಅವನು.

ಇನ್ನೊಬ್ಬನ ಹತ್ತಿರ ಹೋಗಲು ಸ್ವಲ್ಪ ಮನಸ್ಸು ಗಟ್ಟಿ ಮಾಡಬೇಕು. ನೀವು ಬಂದಿದ್ದರಿಂದ ಒಬ್ಬ ಹುಡುಗ ಬೆಂಚಿಗೆ ಹೋಗುತ್ತಾನೆ. ಆ ತಂಡದ ಎರಡನೇ ಗಾರ್ಡ್ ಅವನು. ಅವನ ಊರು, ಅವನ ಜನ, ನನ್ನನ್ನೇ ಆಡಿಸಬಹುದಿತ್ತಲ್ಲ ಅಂತ ಅವನಿಗೆ ಅನ್ನಿಸಿಯೇ ಅನ್ನಿಸುತ್ತದೆ. ಅವನ ಜೊತೆಗೇ ಊಟಕ್ಕೆ ಕೂರಿ. ಪ್ಲೇಗಳನ್ನು, ಅಂದರೆ ತಂಡ ಮೊದಲೇ ಗೊತ್ತುಮಾಡಿಕೊಂಡ ಆಟದ ತಂತ್ರಗಳನ್ನು, ಅವನಿಂದಲೇ ಕಲಿಯಿರಿ, ಅವನಿಗೆ ಅವು ಬಾಯಿಪಾಠ ಇರುತ್ತವೆ. ನಮ್ಮಮ್ಮ ಪ್ರತಿ ಸಲ ಒಂದು ಡಬ್ಬ ಕೋಡುಬಳೆ ಮಾಡಿ ಕಳಿಸುತ್ತಿದ್ದರು. ಆ ಡಬ್ಬವನ್ನು ನಾನು ಮೊದಲು ತೆಗೆಯುತ್ತಿದ್ದದ್ದು ಆ ಎರಡನೇ ಗಾರ್ಡ್ ಮುಂದೆ.

ಪ್ಲೇಗಳ ಹೆಸರನ್ನು ನೆನಪಿನ ಮೇಲೆ ಬಿಡಬೇಡಿ. ಒಂದೊಂದು ತಂಡಕ್ಕೆ ಒಂದೊಂದು ಸನ್ನೆ. ಒಂದು ಕಡೆ ಮೂರು ಬೆರಳು ಎತ್ತಿದರೆ ಪಿವೋಟ್ ಮೇಲೆ ಬಂದು ಸ್ಕ್ರೀನ್ ಕೊಡುತ್ತಾನೆ (ನಿಮ್ಮನ್ನು ಕಾಯುವವನಿಗೆ ಅಡ್ಡ ನಿಲ್ಲುತ್ತಾನೆ), ಇನ್ನೊಂದು ಕಡೆ ಅದೇ ಮೂರು ಬೆರಳಿಗೆ ಎಲ್ಲರೂ ಮೂಲೆಗೆ ಸರಿದು ದಾರಿ ಬಿಡುತ್ತಾರೆ. ನಾಲ್ಕನೇ ತಂಡಕ್ಕೆ ಆಡುವಾಗ ನಾನು ಮೂರನೇ ತಂಡದ ಲೆಕ್ಕದಲ್ಲಿ ಬೆರಳು ಎತ್ತಿ, ಯಾರೂ ಇಲ್ಲದ ಜಾಗಕ್ಕೆ ಪಾಸ್ ಕೊಟ್ಟೆ. ಬಾಲ್ ಹೊರಗೆ ಹೋಯಿತು. ಎರಡು ಪಾಯಿಂಟಿನಲ್ಲಿ ಸೋತೆವು. ನೋಟ್‌ಬುಕ್ ಶುರುವಾದದ್ದು ಆ ರಾತ್ರಿ. ಎಲ್ಲ ಪ್ಲೇ ಕಲಿಯಲು ಹೋಗಬೇಡಿ. ನಾಲ್ಕು ಸಾಕು: ಒಂದು ಮಾಮೂಲಿ, ಒಂದು ಝೋನ್ (ಎದುರಾಳಿಗಳು ಜಾಗ ಹಂಚಿಕೊಂಡು ಕಾಯುವುದು) ಮುರಿಯಲು, ಒಂದು ಸೈಡ್ ಥ್ರೋಗೆ (ಪಕ್ಕದ ಗೆರೆಯಾಚೆಯಿಂದ ಬಾಲ್ ಒಳಗೆ ಹಾಕುವುದಕ್ಕೆ), ಒಂದು ಕೊನೆಯ ಶಾಟಿಗೆ.

ಭಾಷೆ ಬಗ್ಗೆ ಹೆದರಿಕೆ ಬೇಡ. ಕೋರ್ಟಿನಲ್ಲಿ ಸ್ಕ್ರೀನ್, ಸ್ವಿಚ್, ಹೆಲ್ಪ್ ಅಂದರೆ ಎಲ್ಲ ಕಡೆಯೂ ಅರ್ಥವಾಗುತ್ತದೆ. ಆದರೆ ಒಂದು ಪದವನ್ನು ಅವರ ಭಾಷೆಯಲ್ಲೇ ಕಲಿಯಬೇಕು. ನಿಮ್ಮ ಬೆನ್ನ ಹಿಂದಿನಿಂದ ಬಾಲ್ ಕಸಿಯಲು ಯಾರೋ ಬರುತ್ತಿರುವಾಗ ಜೊತೆಯವನ ಬಾಯಿಂದ ಅವನ ಮನೆಮಾತೇ ಬರುತ್ತದೆ. ತಮಿಳಿನವರು "ಪಿನ್ನಾಡಿ" ಅನ್ನುತ್ತಾರೆ, ತೆಲುಗಿನವರು "ವೆನಕ", ಹಿಂದಿಯವರು "ಪೀಛೆ". ಅದು ಕಿವಿಗೆ ಬಿದ್ದ ತಕ್ಷಣ ದೇಹ ತಿರುಗಬೇಕು. ಅದೇ ರೀತಿ ನಿಮ್ಮ ಗಂಟಲೂ ಕೆಲಸ ಮಾಡಬೇಕು. ಮಲೆನಾಡಿನ ಕಡೆಯ ನಮ್ಮ ಮಕ್ಕಳು ಮೆತ್ತಗೆ ಮಾತಾಡುತ್ತಾರೆ, ಹೊಸ ಜಾಗದಲ್ಲಿ ಇನ್ನೂ ಮೆತ್ತಗೆ. ಗಾರ್ಡ್ ಸುಮ್ಮನಿದ್ದರೆ ಉಳಿದ ನಾಲ್ವರು ಕತ್ತಲಲ್ಲಿ ಆಡಿದ ಹಾಗೆ.

ಬೆಂಚಿನ ಮೇಲೆ

ಮೊದಲ ಮ್ಯಾಚಿನಲ್ಲಿ ಬಹುಶಃ ಬೆಂಚಿನಿಂದಲೇ ಶುರು. ಮುಖ ಬಾಡಿಸಿಕೊಳ್ಳಬೇಡಿ, ಅಲ್ಲಿ ತುಂಬಾ ಕೆಲಸ ಇದೆ. ಎದುರಿನ ಗಾರ್ಡ್ ಸುಸ್ತಾದಾಗ ಯಾವ ಕಡೆ ಹೋಗುತ್ತಾನೆ ನೋಡಿ. ರೆಫ್ರಿ ಕೈ ಮುಟ್ಟಿದರೂ ಫೌಲ್ ಕೊಡುತ್ತಾರಾ, ಇಲ್ಲ ಆಡಲು ಬಿಡುತ್ತಾರಾ ನೋಡಿ. ಟೀಮ್ ಫೌಲ್, ಅಂದರೆ ಇಡೀ ತಂಡ ಮಾಡಿದ ಫೌಲ್, ಎಣಿಸುತ್ತಾ ಇರಿ. ಒಂದು ಕ್ವಾರ್ಟರಿನಲ್ಲಿ ನಾಲ್ಕು ಆದಮೇಲೆ ಐದನೆಯದರಿಂದ ಪ್ರತಿ ಫೌಲಿಗೂ ಎರಡು ಫ್ರೀ ಥ್ರೋ. ಎದುರಿನವರದು ನಾಲ್ಕಾಗಿದ್ದರೆ ನೀವು ಒಳಗೆ ಹೋದ ಕೂಡಲೇ ರಿಂಗಿನ ಕಡೆ ನುಗ್ಗಬೇಕು. ಈ ಲೆಕ್ಕ ಬಾಯಲ್ಲಿ ಇರುವ ಗಾರ್ಡ್ ಎಂದರೆ ಕೋಚ್‌ಗಳಿಗೆ ಬಹಳ ಇಷ್ಟ.

ಒಳಗೆ ಹೋದಮೇಲೆ ಮೊದಲ ಎರಡು ಸಲ ಬಾಲ್ ಬಂದಾಗ ಶಾಟ್ ಬೇಡ. ಒಂದು ಒಳ್ಳೆಯ ಪಾಸ್, ಒಂದು ಗಟ್ಟಿ ಡಿಫೆನ್ಸ್. ಹತ್ತು ನಿಮಿಷ ಕೂತ ಕಾಲು ಬಿಸಿಯಾಗುವುದಕ್ಕೂ ಅಷ್ಟು ಸಮಯ ಬೇಕು.

ದುಡ್ಡು, ಕಾಗದ

ಮಾತು ಹೊರಡುವ ಮೊದಲೇ ಆಗಬೇಕು. ಪ್ರಯಾಣ ಯಾರದ್ದು, ಊಟ ಯಾರದ್ದು, ಮೊತ್ತ ಎಷ್ಟು, ಯಾವ ದಿನ ಕೊಡುತ್ತಾರೆ, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರು ನೋಡುತ್ತಾರೆ. ನಾಚಿಕೆ ಬೇಡ. ಒಂದು ತಂಡ ನನಗೆ ಸೀಸನ್ನಿನ ಅರ್ಧ ದುಡ್ಡು ಕೊಟ್ಟು, ಉಳಿದದ್ದು ಆಮೇಲೆ ಅಂದಿತು. ಬರೀ ಬಾಯಿಮಾತು. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಅದಾದಮೇಲೆ ನಾನು ಮಾತಾಡಿದ್ದನ್ನೆಲ್ಲ ಮೆಸೇಜ್ ಮಾಡಿ, "ಸರ್, ಹೀಗೆ ತಾನೆ?" ಅಂತ ಕೇಳಿ, ಹೌದು ಅಂತ ಉತ್ತರ ಬಂದಮೇಲೆ ಬಸ್ ಹತ್ತುತ್ತಿದ್ದೆ. ಹೊರದೇಶದ ಕ್ಲಬ್ ಕರೆದರೆ ಬರವಣಿಗೆಯ ಒಪ್ಪಂದ ಇರಲೇಬೇಕು. ದೇಶ ಬದಲಾಯಿಸುವಾಗ ಫಿಬಾ ನಿಯಮದಂತೆ ಲೆಟರ್ ಆಫ್ ಕ್ಲಿಯರೆನ್ಸ್ ಬೇಕು. ಸಂಬಳದ ಜಗಳಗಳಿಗೆ ಫಿಬಾ 2007ರಲ್ಲಿ ಒಂದು ಪಂಚಾಯ್ತಿ ವ್ಯವಸ್ಥೆ ಮಾಡಿದೆ, ಬಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್ ಅಂತ. ನಿಮ್ಮ ಒಪ್ಪಂದದಲ್ಲಿ ಅದರ ಹೆಸರಿನ ಷರತ್ತು ಇದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ಸಹಿ ಹಾಕುವ ಮೊದಲು ಆ ಸಾಲು ಹುಡುಕಿ.

ಸರ್ಟಿಫಿಕೇಟುಗಳನ್ನು ಜೋಪಾನ ಮಾಡಿ. ಇದು ಬಹಳ ಮುಖ್ಯ, ಯಾಕೆಂದರೆ ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನಿಗೆ ಸ್ಥಿರವಾದ ಊಟ ಸ್ಪೋರ್ಟ್ಸ್ ಕೋಟಾದಿಂದಲೇ. ರೈಲ್ವೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಸೇನೆ ಇವರ ತಂಡಗಳೇ ದೊಡ್ಡವು. ವಾರಾಣಸಿಯ ಗಾರ್ಡ್ ವಿಶೇಷ್ ಭೃಗುವಂಶಿ ಒಎನ್‌ಜಿಸಿಯಲ್ಲಿ ಕೆಲಸ ಮಾಡುತ್ತಲೇ ಭಾರತದ ನಾಯಕರಾದರು, ಅರ್ಜುನ ಪ್ರಶಸ್ತಿಯನ್ನೂ ಪಡೆದರು. ನಾವು ಚಿಕ್ಕವರಿದ್ದಾಗ ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡಕ್ಕೆ ಸೇರುವುದೇ ಕನಸು. 2019ರಲ್ಲಿ ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಲೀಗುಗಳು ಬರುತ್ತವೆ, ಹೋಗುತ್ತವೆ. 2015ರಲ್ಲಿ ಯುಬಿಎ ಬಂತು, ಕೆಲವು ಸೀಸನ್ ನಡೆದು ನಿಂತಿತು. 2022ರಲ್ಲಿ ಐಎನ್‌ಬಿಎಲ್ ಬಂತು. ಆಡಿ, ಆದರೆ ಅದನ್ನೇ ನೆಚ್ಚಿಕೊಂಡು ಓದು ಬಿಡಬೇಡಿ.

ಕೇಂದ್ರ ಸರ್ಕಾರದ ಕೋಟಾದಲ್ಲಿ ಸರ್ಟಿಫಿಕೇಟ್ ಅಂದರೆ ಬರೀ ಬಣ್ಣದ ಕಾಗದ ಸಾಕಾಗುವುದಿಲ್ಲ. ನಿಗದಿಯಾದ ಫಾರ್ಮ್‌ಗಳಿವೆ. ಅಂತರರಾಷ್ಟ್ರೀಯಕ್ಕೆ ಫಾರ್ಮ್ 1, ರಾಷ್ಟ್ರೀಯಕ್ಕೆ 2, ಅಂತರ ವಿಶ್ವವಿದ್ಯಾಲಯಕ್ಕೆ 3, ಶಾಲೆಗಳ ರಾಷ್ಟ್ರೀಯಕ್ಕೆ 4. ಟೂರ್ನಮೆಂಟ್ ಮುಗಿದ ಮೇಲೆ ಆದಷ್ಟು ಬೇಗ ಸಂಬಂಧಪಟ್ಟವರ ಸಹಿ ಮಾಡಿಸಿ. ಐದು ವರ್ಷ ಬಿಟ್ಟು ಹುಡುಕಿಕೊಂಡು ಹೋದರೆ ಸಹಿ ಹಾಕಬೇಕಾದವರೇ ಇರುವುದಿಲ್ಲ. ರೈಲ್ವೆ ಕೋಟಾಗೆ ವಯಸ್ಸು 18ರಿಂದ 25, ರಿಯಾಯಿತಿ ಇಲ್ಲ. ನಾನು 24ಕ್ಕೆ ಒಂದು ಟ್ರಯಲ್ಸ್‌ಗೆ ಹೋಗಿ ಮೂರನೆಯವನಾದೆ, ತೆಗೆದುಕೊಂಡದ್ದು ಇಬ್ಬರನ್ನು. ಮುಂದಿನ ವರ್ಷ ನೋಡೋಣ ಅಂದುಕೊಂಡೆ. ಮುಂದಿನ ವರ್ಷ ಮಂಡಿಯ ಲಿಗಮೆಂಟ್ ಹೋಯಿತು. ನಿಮಗೆ ಈಗ 20 ಆಗಿದ್ದರೆ ಇವತ್ತೇ ಅರ್ಜಿ ಹುಡುಕಿ, ದಯವಿಟ್ಟು.

ಕಾಲು

ಸಿಮೆಂಟ್ ಕೋರ್ಟ್ ಮಂಡಿಯನ್ನು ತಿನ್ನುತ್ತದೆ. ಹಾರಿ ಇಳಿಯುವಾಗ ಸದ್ದಾಗಬಾರದು. ಸದ್ದು ಬಂತು ಅಂದರೆ ಪೆಟ್ಟೆಲ್ಲ ಮೂಳೆಗೆ ಹೋಯಿತು ಅಂತ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ನಿಲ್ಲಿ, ಅರ್ಧ ಸಮಯ ಎಡ, ಅರ್ಧ ಬಲ. ಪಾದದ ಗಿಣ್ಣಿಗೆ ಅದಕ್ಕಿಂತ ಒಳ್ಳೆಯ ಅಗ್ಗದ ವ್ಯಾಯಾಮ ನನಗೆ ಸಿಕ್ಕಿಲ್ಲ. ಶೂ ತಳ ಸವೆದು ನುಣ್ಣಗಾದರೆ ಬದಲಾಯಿಸಿ, ಊಟದಲ್ಲಿ ಉಳಿಸಿಯಾದರೂ ಸರಿ. ನೆಗಡಿ ಮಾತ್ರೆಯನ್ನು ಕೇಳದೆ ನುಂಗಬೇಡಿ. ಕೆಲವು ಮಾತ್ರೆಗಳಲ್ಲಿ ಸೂಡೊಎಫೆಡ್ರಿನ್ ಇರುತ್ತದೆ, ಮ್ಯಾಚಿನ ದಿನ ಅದು ಮಿತಿ ಮೀರಿ ಸಿಕ್ಕರೆ ಡೋಪಿಂಗ್ ಆಗುತ್ತದೆ.

ಇಷ್ಟು ಹೇಳಿದಮೇಲೆ ಹುಡುಗ ಎದ್ದ. ಬುಧವಾರ ಹೊರಟ. ಅವನ ಬ್ಯಾಗಿನಲ್ಲಿ ಒಂದು ಹೊಸ ನೋಟ್‌ಬುಕ್ ಇತ್ತು, ಅವರ ಅಜ್ಜಿ ಕರಿದ ಕೋಡುಬಳೆ ಡಬ್ಬ ಇತ್ತು. ಗುರುವಾರ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ.

"ಅಣ್ಣಾ, ಇವರ ಪಿವೋಟ್ ಎಡಗೈ. ಬೌನ್ಸ್ ಪಾಸ್ ಬೇಡವಂತೆ, ಮೇಲಿಂದ ಕೊಡು ಅಂದ. ಪ್ಲೇ ಮೂರು ಬರ್ಕೊಂಡಿದೀನಿ."

"ಇನ್ನೊಂದು?"

"ಅದು ಎರಡನೇ ಗಾರ್ಡ್‌ಗೆ ಗೊತ್ತಿರೋದು. ಅವನು ನನ್ನ ಜೊತೆ ಮಾತೇ ಆಡ್ತಿಲ್ಲ ಅಣ್ಣಾ."

"ಡಬ್ಬ ತೆಗೆದ್ಯಾ?"

"ಇನ್ನೂ ಇಲ್ಲ."

"ಈಗ ತೆಗಿ," ಅಂದೆ. "ಮಲಗೋಕೆ ಮುಂಚೆ."